ಅಚ್ಚುಮೊಳೆ ಮತ್ತು ಹೆಂಚು: ಮಂಗಳೂರಿನ ಉದ್ದಿಮೆ, ವಿದ್ಯೆ ಮತ್ತು ಹೊರನಾಡಿನ ನಂಟು

ದೇಶ ದೇಶಗಳ ನಡುವೆ ಸರಕು ಓಡಾಡುವಾಗ ಅದರ ಜೊತೆಯಲ್ಲೇ ಕಸುಬು, ಪುಸ್ತಕ, ನಂಬಿಕೆ, ನಡೆನುಡಿಗಳೂ ಓಡಾಡುತ್ತವೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಬಂದುದರಲ್ಲಿ ಒಂದು ಊರಿನ ಉದ್ದಿಮೆಗಾರನಿಗೆ ದಕ್ಕಿದ್ದೇನು, ಅದೇ ಊರಿನ ವಿದ್ಯಾರ್ಥಿಗೆ ದಕ್ಕಿದ್ದೇನು, ಯಾವುದು ಬೇರೂರಿತು, ಯಾವುದು ಬಂದ ದಾರಿಯಲ್ಲೇ ಹಿಂತಿರುಗಿತು ಎಂದು ಅರಿಯಬೇಕಾದರೆ ಸಾಮಾನ್ಯವಾದ ಮಾತುಗಳನ್ನು ಬದಿಗಿಟ್ಟು ಒಂದು ನಿರ್ದಿಷ್ಟ ಸ್ಥಳವನ್ನೂ ಒಂದು ನಿರ್ದಿಷ್ಟ ಕಾಲವನ್ನೂ ಹಿಡಿದು ನೋಡಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಮಂಗಳೂರು ಅಂಥದೊಂದು ಸ್ಥಳ. ಅಲ್ಲಿ ಹೆಂಚಿನ ಕಾರ್ಖಾನೆಯನ್ನೂ ಕನ್ನಡದ ಮುದ್ರಣಾಲಯವನ್ನೂ ಶಾಲೆಯನ್ನೂ ಒಂದೇ ಸಂಸ್ಥೆ ನಡೆಸಿತು. ವ್ಯಾಪಾರ ಬೇರೆ, ವಿದ್ಯೆ ಬೇರೆ ಎಂದು ಗೆರೆ ಎಳೆಯುವುದು ಅಲ್ಲಿ ಸಾಧ್ಯವೇ ಇಲ್ಲ.

ಆ ಸಂಸ್ಥೆ ಬಾಸೆಲ್ ಮಿಶನ್. ಸ್ವಿಟ್ಜರ್ಲೆಂಡ್, ಜರ್ಮನಿ ಮತ್ತು ಫ್ರಾನ್ಸ್ ದೇಶಗಳು ಸಂಧಿಸುವ ಕಡೆ, ರೈನ್ ನದಿಯ ದಂಡೆಯ ಮೇಲಿರುವ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಕ್ರೈಸ್ತ ಧರ್ಮಪ್ರಚಾರಕ ಸಂಘಕ್ಕೆ ಅಲ್ಲಿಯ ರೇಷ್ಮೆ ಪಟ್ಟಿಯ ವರ್ತಕರು ಹಣ ಒದಗಿಸಿದರೆ, ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು ಬಹುಸಂಖ್ಯೆಯಲ್ಲಿ ಸೇರಿ ದುಡಿದರು. ಬ್ರಿಟಿಷರಲ್ಲದ ಧರ್ಮಪ್ರಚಾರಕರಿಗೂ ಭಾರತದಲ್ಲಿ ನೆಲೆಸಿ ಕೆಲಸ ಮಾಡಲು ಅವಕಾಶವಾದದ್ದು ಈಸ್ಟ್ ಇಂಡಿಯಾ ಕಂಪನಿಯ ಸನ್ನದು 1833ರಲ್ಲಿ ನವೀಕರಣಗೊಂಡಾಗ. ಮರುವರ್ಷವೇ, ಅಂದರೆ 1834ರಲ್ಲಿ, ಸ್ಯಾಮುಯೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದರು. ಸನ್ನದಿನ ಷರತ್ತೊಂದು ಬದಲಾದದ್ದರಿಂದ ಒಂದು ಕರಾವಳಿಯ ಮನೆಗಳ ಮಾಡು ಬದಲಾಗಬಹುದು ಎಂದು ಆ ದಿನ ಯಾರೂ ಊಹಿಸಿರಲಾರರು.

ಬಂದವರು ಮೊದಲು ಮಾಡಬೇಕಾದ ಕೆಲಸ ಭಾಷೆ ಕಲಿಯುವುದು. ಮಂಗಳೂರಿನಲ್ಲಿ ಕನ್ನಡ ಶಾಲೆ 1836ರಲ್ಲಿ ತೆರೆಯಿತು. ಅದೇ ವರ್ಷ ಬಂದ ಹೆರ್ಮನ್ ಮೋಗ್ಲಿಂಗ್ ಶಾಲೆಯ ಹುಡುಗರಿಗೆ ಪಾಠ ಹೇಳುತ್ತ ತಾನೂ ಪಂಡಿತರ ಮುಂದೆ ವಿದ್ಯಾರ್ಥಿಯಾಗಿ ಕುಳಿತನು. ಸಾಂಸ್ಕೃತಿಕ ವಿನಿಮಯ ಎಂಬುದು ಕೊಡುವವರು ಕೊಡುತ್ತ, ಪಡೆಯುವವರು ಪಡೆಯುತ್ತ ನಿಲ್ಲುವ ವ್ಯವಹಾರವಾಗಿದ್ದರೆ ಇಲ್ಲಿ ಆದ ಕೆಲಸದ ಅರ್ಧವೂ ಆಗುತ್ತಿರಲಿಲ್ಲ. ಕಲಿಸಲು ಬಂದವನು ಕಲಿಯುವವನಾದದ್ದೇ ಮುಂದಿನ ಎಲ್ಲಕ್ಕೂ ಆಧಾರವಾಯಿತು ಎಂಬುದು ಈ ಇತಿಹಾಸದಿಂದ ತಿಳಿಯುವ ಮುಖ್ಯ ಸಂಗತಿ.

1841ರಲ್ಲಿ ಮಂಗಳೂರಿಗೆ ಕಲ್ಲಚ್ಚಿನ ಯಂತ್ರ ಬಂತು. ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲನ್ನು ನೀರಿನಿಂದ ತೋಯಿಸಿ, ಅನಂತರ ಶಾಯಿ ಸವರಿದರೆ ಬರಹವಿರುವ ಕಡೆ ಮಾತ್ರ ಶಾಯಿ ಹತ್ತಿಕೊಳ್ಳುತ್ತದೆ; ಅದರ ಮೇಲೆ ಕಾಗದ ಒತ್ತಿ ಪ್ರತಿ ತೆಗೆಯುವ ಈ ವಿಧಾನವನ್ನು ಬವೇರಿಯದಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಸೆನೆಫೆಲ್ಡರ್ ಎಂಬಾತ ಕಂಡುಹಿಡಿದಿದ್ದನು. ಒತ್ತಕ್ಷರ, ಗುಣಿತಗಳಿಂದ ತುಂಬಿದ ಕನ್ನಡದಂಥ ಲಿಪಿಗೆ ಪ್ರತ್ಯೇಕ ಅಚ್ಚುಮೊಳೆಗಳನ್ನು ಎರಕ ಹೊಯ್ಯುವ ಖರ್ಚಿಲ್ಲದೆ, ಬರೆದ ಅಕ್ಷರವನ್ನೇ ಮುದ್ರಿಸಬಲ್ಲ ಕಲ್ಲಚ್ಚು ಸುಲಭದ ದಾರಿಯಾಗಿತ್ತು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಮೋಗ್ಲಿಂಗನ ಸಂಪಾದಕತ್ವದಲ್ಲಿ ಹೊರಬಿದ್ದದ್ದು ಹೀಗೆ ಕಲ್ಲಿನ ಮೇಲೆ ಬರೆದೇ. ಕರ್ನಾಟಕದಲ್ಲಿ ಇಂದಿಗೂ ಆ ದಿನ ಪತ್ರಿಕಾ ದಿನ. ಅದರ ಮುಂದಿನ ಹೆಜ್ಜೆಯಾಗಿ 1848ರಿಂದ ಮೋಗ್ಲಿಂಗ್ ‘ಬಿಬ್ಲಿಯಾಥಿಕಾ ಕರ್ನಾಟಿಕಾ’ ಎಂಬ ಗ್ರಂಥಮಾಲೆಯನ್ನು ಆರಂಭಿಸಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಮುದ್ರಿಸಿದನು. ಇವುಗಳಲ್ಲಿ ಒಂದೂ ಕ್ರೈಸ್ತ ಗ್ರಂಥವಲ್ಲ. ಮದ್ರಾಸಿನ ಆಡಳಿತದ ಅಧಿಕಾರಿಯಾಗಿದ್ದ ಕಾಸಾಮೇಜರ್ ಇದರ ವೆಚ್ಚಕ್ಕೆ ನೆರವಾದನು. ಓಲೆಗರಿಗಳಲ್ಲಿ ಮನೆ ಮನೆಗೆ ಚದುರಿದ್ದ ಪಾಠಗಳು ಪುಸ್ತಕವಾಗಿ ಅಂಗಡಿಗೆ ಬಂದಾಗ ಕನ್ನಡ ವಿದ್ಯಾರ್ಥಿಗೆ ದೊರೆತ ಲಾಭ ಸಣ್ಣದಲ್ಲ.

ಇಷ್ಟರಲ್ಲಿ ಅಚ್ಚುಮೊಳೆಯ ಅಗತ್ಯ ಬಂದೊದಗಿತು. ಪುಟ ಹೆಚ್ಚಿದಂತೆ, ಪ್ರತಿ ಹೆಚ್ಚಿದಂತೆ ಕಲ್ಲಚ್ಚು ಸಾಲದಾಯಿತು. ಮುದ್ರಣದ ಕೆಲಸವನ್ನು ಸುಧಾರಿಸುವುದಕ್ಕೆಂದು 1851ರಲ್ಲಿ ಬಂದ ಯಂತ್ರಕುಶಲಿ ಜಾರ್ಜ್ ಪ್ಲೆಬ್‌ಸ್ಟ್ ಕನ್ನಡದ ಅಚ್ಚುಮೊಳೆಗಳಿಗಾಗಿ ದುಡಿದನು. ಈ ಹೆಸರನ್ನು ನೆನಪಿಡಬೇಕು. ಸೀಸದಲ್ಲಿ ಕನ್ನಡದ ಅಕ್ಷರಗಳನ್ನು ಮೂಡಿಸಿದ ಕೈಗಳೇ ಹದಿನಾಲ್ಕು ವರ್ಷಗಳ ಬಳಿಕ ಜೇಡಿಮಣ್ಣಿನಲ್ಲಿ ಹೆಂಚನ್ನು ಒತ್ತಿದವು. ಉದ್ದಿಮೆಯ ಚರಿತ್ರೆಯವರು ಪ್ಲೆಬ್‌ಸ್ಟನನ್ನು ಹೆಂಚಿನವನೆಂದೂ ಮುದ್ರಣದ ಚರಿತ್ರೆಯವರು ಮೊಳೆಯವನೆಂದೂ ಹಂಚಿಕೊಂಡು ಬರೆಯುವುದರಿಂದ ಈ ಏಕತೆ ಮರೆಯಾಗಿದೆ.

ಹೆಂಚಿನ ಕಡೆಗೆ ಮಿಶನ್ ಹೊರಳಿದ್ದಕ್ಕೆ ಕಾರಣ ಲಾಭದಾಸೆಯೊಂದೇ ಅಲ್ಲ. ಮತಾಂತರಗೊಂಡವರನ್ನು ಅವರ ಜಾತಿ, ಕುಟುಂಬಗಳು ಹೊರಗಿಟ್ಟಾಗ ಆಸ್ತಿಯ ಹಕ್ಕೂ ಕುಲಕಸುಬೂ ಒಟ್ಟಿಗೆ ಕೈಬಿಡುತ್ತಿದ್ದವು. ಶೇಂದಿ ಇಳಿಸುವ ಕಸುಬನ್ನು ಮಿಶನ್ನೇ ಒಪ್ಪುತ್ತಿರಲಿಲ್ಲ. ಅವರಿಗೆ ಅನ್ನದ ದಾರಿ ಬೇಕಿತ್ತು. ಬೇಸಾಯ, ಗಡಿಯಾರ ತಯಾರಿಕೆ ಮುಂತಾದ ಪ್ರಯೋಗಗಳು ಕೈಗೂಡಲಿಲ್ಲ. ನೇಯ್ಗೆ ಮಾತ್ರ ನಿಂತಿತು. ಪ್ಲೆಬ್‌ಸ್ಟನ ಕಾಲದಲ್ಲೇ ಬಂದ ನೇಯ್ಗೆಗಾರ ಹಾಲರ್, ಹಗ್ಗ ಎಳೆದೊಡನೆ ಮಗ್ಗದ ಒಂದು ಬದಿಯಿಂದ ಇನ್ನೊಂದು ಬದಿಗೆ ತಾನಾಗಿ ಚಿಮ್ಮುವ ಲಾಳಿಯ ಮಗ್ಗಗಳನ್ನು ಬಳಕೆಗೆ ತಂದು, ಸ್ಥಳೀಯ ಗಿಡಮರಗಳಿಂದ ಬಣ್ಣ ತೆಗೆಯುವ ಪ್ರಯೋಗಗಳನ್ನೂ ನಡೆಸಿದನು. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂಬ ಮಾತು ಕರಾವಳಿಯಲ್ಲಿ ಹೆಮ್ಮೆಯಿಂದ ಓಡಾಡುತ್ತದೆ. ಆದರೆ ವಾಯವ್ಯ ಗಡಿಯ ಸೈನ್ಯದಳವೊಂದು 1840ರ ದಶಕದಲ್ಲೇ ಖಾಕಿ ಉಡುಪನ್ನು ಧರಿಸತೊಡಗಿತ್ತಾದ್ದರಿಂದ ಆ ಹೆಮ್ಮೆಗೆ ಮಿತಿ ಇರುವುದು ಒಳಿತು. ಮಗ್ಗದಲ್ಲಿ ಖಾಕಿ ಬಟ್ಟೆ ತಯಾರಾಗಿ ಹೆಸರು ಮಾಡಿತು ಎಂದರೆ ಸಾಕು, ಅದು ನಿಜ.

ಈ ಉದ್ದಿಮೆಗಳಿಗೆ ಬಂಡವಾಳ, ಯಂತ್ರ, ಮಾರುಕಟ್ಟೆಗಳನ್ನು ಒದಗಿಸಲು 1859ರಲ್ಲಿ ಬಾಸೆಲಿನಲ್ಲಿ ಒಂದು ವ್ಯಾಪಾರ ಕಂಪನಿ ಸ್ಥಾಪನೆಯಾಯಿತು. ಅದು ಷೇರು ಬಂಡವಾಳದ ಕಂಪನಿ, ಎಂದರೆ ಅನೇಕರು ಪಾಲು ಹಾಕಿ ಲಾಭವನ್ನು ಹಂಚಿಕೊಳ್ಳುವ ಸಂಸ್ಥೆ. ಆದರೆ ಪಾಲುದಾರರಿಗೆ ಸಲ್ಲುವ ಲಾಭಾಂಶಕ್ಕೆ ಮಿತಿ ಹಾಕಿ, ಮಿಕ್ಕಿದ್ದು ಮಿಶನ್ನಿನ ಕೆಲಸಕ್ಕೆ ಹೋಗುವಂತೆ ನಿಯಮವಿತ್ತು. ಇದೇ ಕಂಪನಿ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲೂ, ಅಂದರೆ ಇಂದಿನ ಘಾನಾದಲ್ಲೂ, ವ್ಯಾಪಾರ ಮಾಡುತ್ತಿತ್ತು.

ಹೆಂಚಿನ ವಿಷಯ ವಿಸ್ತಾರವಾಗಿ ಹೇಳಬೇಕಾದದ್ದು. ಕರಾವಳಿಯ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವಿಲ್ಲದೆ ಹೊಡೆಯುವಂಥದು. ಬಹುಪಾಲು ಮನೆಗಳು ಮುಳಿಹುಲ್ಲಿನವು ಇಲ್ಲವೆ ತೆಂಗಿನ ಮಡಲಿನವು. ವರ್ಷ ವರ್ಷವೂ ಹೊದಿಕೆ ಬದಲಾಯಿಸಬೇಕು, ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೆ ಕೇರಿಯೇ ಸುಡುತ್ತಿತ್ತು. ಉಳ್ಳವರ ಮನೆಗಳಿಗೆ ಕುಂಬಾರರು ಮಾಡಿದ ನಾಡಹೆಂಚು ಇತ್ತಾದರೂ ಅರ್ಧ ಕೊಳವೆಯಾಕಾರದ ಆ ಹೆಂಚುಗಳು ಒಂದರ ಮೇಲೊಂದು ಸುಮ್ಮನೆ ಕುಳಿತಿರುತ್ತಿದ್ದವೇ ಹೊರತು ಒಂದಕ್ಕೊಂದು ಕಚ್ಚಿಕೊಂಡಿರುತ್ತಿರಲಿಲ್ಲ. ಕೋತಿ ಹಾರಿದರೆ, ಗಾಳಿ ಬೀಸಿದರೆ ಜಾರುತ್ತಿದ್ದ ಅವುಗಳನ್ನು ಮಳೆಗಾಲಕ್ಕೆ ಮುನ್ನ ಕೈಯಾಡಿಸಿ ಸರಿಪಡಿಸುವುದು ವಾರ್ಷಿಕ ವೆಚ್ಚವಾಗಿತ್ತು. ಅತ್ತ ಬಾಸೆಲಿಗೆ ಹತ್ತಿರದ ಆಲ್ಸೇಸ್ ಪ್ರಾಂತದಲ್ಲಿ ಗಿಲಾರ್ಡೋನಿ ಸಹೋದರರು 1841ರಲ್ಲಿ ಹೊಸ ಬಗೆಯ ಹೆಂಚನ್ನು ರೂಪಿಸಿದ್ದರು. ಚಪ್ಪಟೆಯಾದ ಆ ಹೆಂಚಿನ ಅಂಚುಗಳಲ್ಲಿ ಏಣು ಮತ್ತು ತಗ್ಗುಗೆರೆಗಳಿದ್ದು ಪಕ್ಕದ ಹೆಂಚಿಗೂ ಮೇಲಿನ ಸಾಲಿನ ಹೆಂಚಿಗೂ ಅದು ಕಚ್ಚಿಕೊಳ್ಳುತ್ತದೆ. ಹಿಂಬದಿಯ ಗುಬಟು ರೀಪಿಗೆ ಸಿಕ್ಕಿ ನಿಲ್ಲುತ್ತದೆ. ರೀಪು ಎಂದರೆ ಪಕ್ಕಾಸುಗಳ ಮೇಲೆ ಅಡ್ಡಲಾಗಿ ಹೊಡೆಯುವ ತೆಳು ಮರದ ಪಟ್ಟಿ. ಒಂದರ ಮೇಲೊಂದು ಹೇರಿಕೆ ಕಡಿಮೆಯಾದ್ದರಿಂದ ಮಾಡಿನ ಭಾರವೂ ಮರದ ಖರ್ಚೂ ಇಳಿಯುತ್ತವೆ.

ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಈ ಕೆಲಸಕ್ಕೆ ಒದಗುತ್ತದೆ ಎಂದು ಪರೀಕ್ಷಿಸಿ ತಿಳಿದ ಪ್ಲೆಬ್‌ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದನು. ವಿನಿಮಯದ ಮರ್ಮ ಇಲ್ಲಿದೆ. ವಿನ್ಯಾಸ ಮತ್ತು ಒತ್ತುಯಂತ್ರ ಹೊರಗಿನವು. ಮಣ್ಣು, ಸೌದೆ, ನದಿಯ ದಾರಿ, ಬಂದರು, ದುಡಿಯುವ ಕೈ ಎಲ್ಲವೂ ಒಳಗಿನವು. ಮಣ್ಣನ್ನು ದೋಣಿಯಲ್ಲಿ ತರುವುದು, ಹದ ಮಾಡುವುದು, ಅಚ್ಚಿನಲ್ಲಿ ಒತ್ತುವುದು, ನೆರಳಿನಲ್ಲಿ ಒಣಗಿಸುವುದು, ಗೂಡಿನಲ್ಲಿ ಸುಡುವುದು, ಸದ್ದು ಕೇಳಿ ಗಟ್ಟಿ ಹೆಂಚನ್ನು ಬೇರ್ಪಡಿಸುವುದು, ಈ ಒಂದೊಂದು ಹಂತವೂ ಕರಾವಳಿಯ ಹೆಣ್ಣುಗಂಡುಗಳ ಕೈಯಲ್ಲಿ ಕಸುಬಾಗಿ ಬೆಳೆಯಿತು. ಕುದ್ರೋಳಿ, ಮಲ್ಪೆಗಳಲ್ಲೂ ಮಲಬಾರಿನ ಕಲ್ಲಿಕೋಟೆ, ಪಾಲಕ್ಕಾಡು, ಫರೋಕ್ ಮುಂತಾದ ಕಡೆಗಳಲ್ಲೂ ಮಿಶನ್ನಿನ ಕಾರ್ಖಾನೆಗಳು ಎದ್ದವು. ಬೆನ್ನಿನಲ್ಲಿ ಕಾರ್ಖಾನೆಯ ಹೆಸರೂ ಊರಿನ ಹೆಸರೂ ಅಚ್ಚೊತ್ತಿದ್ದ ಹೆಂಚು ಬರ್ಮಾ, ಸಿಂಹಳ, ಏಡನ್, ಪೂರ್ವ ಆಫ್ರಿಕದ ಬಂದರುಗಳಿಗೆ ಹೋಯಿತು. ಆಳವಿಲ್ಲದ ಮಂಗಳೂರಿನ ಹಳೆಯ ಬಂದರಿನೊಳಕ್ಕೆ ಉಗಿಹಡಗು ಬರಲಾರದಾಗಿತ್ತು. ಅದು ಹೊರಗಡಲಿನಲ್ಲಿ ಲಂಗರು ಹಾಕುತ್ತಿತ್ತು, ಮಂಜಿಗಳೆಂಬ ದೋಣಿಗಳು ಸರಕನ್ನು ಅದರ ಬಳಿಗೆ ಒಯ್ಯುತ್ತಿದ್ದವು. ರೈಲು ಮಂಗಳೂರನ್ನು ಮುಟ್ಟಿದ್ದು 1907ರಲ್ಲಿ. ಅಲ್ಲಿಯವರೆಗೆ ಈ ವ್ಯಾಪಾರವನ್ನು ಹೊತ್ತು ನಡೆಸಿದ್ದು ಮುಖ್ಯವಾಗಿ ಕಡಲೇ.

ಇದೆಲ್ಲವೂ ಮಿಶನ್ನಿನ ಆವರಣದಲ್ಲೇ ನಿಂತಿದ್ದರೆ ಒಂದು ವಿದೇಶೀ ಕಂಪನಿಯ ಯಶಸ್ಸು ಎಂದು ಬರೆದು ಮುಗಿಸಬಹುದಿತ್ತು. ಆದರೆ ಹೆಂಚಿನ ವಿದ್ಯೆ ಆವರಣದ ಗೋಡೆ ದಾಟಿತು. ಕೆಲವೇ ವರ್ಷಗಳಲ್ಲಿ ಸ್ಥಳೀಯ ಅಲ್ಬುಕರ್ಕ್ ಮನೆತನದವರೂ ಅನಂತರ ಇತರ ಕ್ರೈಸ್ತ, ಹಿಂದೂ ಉದ್ದಿಮೆಗಾರರೂ ಇದೇ ಮಾದರಿಯ ಹೆಂಚನ್ನು ತಮ್ಮ ತಮ್ಮ ಮುದ್ರೆಯೊತ್ತಿ ತಯಾರಿಸತೊಡಗಿದರು. ಯುರೋಪಿನ ಮಾದರಿಯೊಂದು ಭಾರತದ ಮಾರುಕಟ್ಟೆಯಲ್ಲಿ ಮಂಗಳೂರು ಹೆಂಚು ಎಂದೇ ಪ್ರಸಿದ್ಧವಾಯಿತು. ಹೊರಗಿನ ತಂತ್ರಜ್ಞಾನ ಸ್ಥಳೀಯ ಉದ್ದಿಮೆಗೆ ಒಳಿತು ಮಾಡಿತೇ ಇಲ್ಲವೇ ಎಂದು ನಿರ್ಣಯಿಸಲು ಇದಕ್ಕಿಂತ ಗಟ್ಟಿಯಾದ ಒರೆಗಲ್ಲು ಸಿಗದು: ಕಲಿತವನು ಕಲಿಸಿದವನ ಹಂಗಿಲ್ಲದೆ, ಕಲಿಸಿದವನಿಗೇ ಎದುರಾಗಿ, ಮಾರುಕಟ್ಟೆಯಲ್ಲಿ ನಿಲ್ಲಬಲ್ಲನೇ? ಮಂಗಳೂರಿನಲ್ಲಿ ನಿಂತನು.

ವಿದ್ಯಾರ್ಥಿಗಳ ಪಾಲಿಗೆ ಆದದ್ದೂ ಇದೇ ಬಗೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಕನ್ನಡ ಮಾತಾಡುವ ನಾಡು ಮದ್ರಾಸ್ ಪ್ರಾಂತ, ಮುಂಬಯಿ ಪ್ರಾಂತ, ಮೈಸೂರು, ನಿಜಾಮರ ರಾಜ್ಯ, ಕೊಡಗು ಎಂದು ಹರಿದು ಹಂಚಿಹೋಗಿತ್ತು. ಒಂದೊಂದು ಸರಕಾರಕ್ಕೂ ಅದರದೇ ವಿದ್ಯಾ ಇಲಾಖೆ. ಮಿಶನ್ನಿನ ಶಾಲೆಗಳು ಮಂಗಳೂರಿನಲ್ಲಿದ್ದಂತೆ ಧಾರವಾಡ, ಹುಬ್ಬಳ್ಳಿಗಳಲ್ಲೂ ಇದ್ದವು. ಮಂಗಳೂರಿನಲ್ಲಿ ಮುದ್ರಿತವಾದ ಪುಸ್ತಕ ಘಟ್ಟ ಹತ್ತಿ ಆಚೆಯ ಕನ್ನಡ ಮಕ್ಕಳ ಕೈಗೂ ಸೇರುತ್ತಿತ್ತು. ಆಡಳಿತ ಒಡೆದಿಟ್ಟಿದ್ದ ಓದುಗರನ್ನು ಪುಸ್ತಕದ ಮಾರುಕಟ್ಟೆ ಸ್ವಲ್ಪಮಟ್ಟಿಗಾದರೂ ಜೋಡಿಸಿತು. ಮುಂದೆ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಸಿದ್ಧಪಡಿಸಿದ ಕನ್ನಡ ಪದ್ಯಪುಸ್ತಕಗಳು ಇದೇ ಮುದ್ರಣಾಲಯದಿಂದ ಹೊರಬಂದವು. ಶಾಲೆಯ ಪದ್ಯವೆಂದರೆ ಬಾಯಿಪಾಠದ ಹೊರೆಯಲ್ಲ, ಹಾಡಿ ನಲಿಯುವಂಥದು ಎಂಬ ಅರಿವು ಕನ್ನಡ ತರಗತಿಗೆ ಬಂದದ್ದರಲ್ಲಿ ಪಂಜೆಯವರ ಪಾಲು ಹಿರಿದು. ಮಿಶನ್ನಿನವರೇ ಆದ ಗುಂಡರ್ಟನ ಮಲಯಾಳ ನಿಘಂಟು 1872ರಲ್ಲಿ, ಮ್ಯಾನರನ ತುಳು ನಿಘಂಟು 1886ರಲ್ಲಿ ಮಂಗಳೂರಿನಲ್ಲೇ ಅಚ್ಚಾದವು.

ಇವೆಲ್ಲಕ್ಕೂ ಶಿಖರಪ್ರಾಯವಾದದ್ದು ಫರ್ಡಿನೆಂಡ್ ಕಿಟ್ಟೆಲ್ಲನ ಕನ್ನಡ–ಇಂಗ್ಲಿಷ್ ನಿಘಂಟು. ಉತ್ತರ ಜರ್ಮನಿಯ ಕಡಲತೀರದ ಹಳ್ಳಿಯೊಂದರಲ್ಲಿ 1832ರಲ್ಲಿ ಹುಟ್ಟಿ 1853ರಲ್ಲಿ ಭಾರತಕ್ಕೆ ಬಂದ ಕಿಟ್ಟೆಲ್, 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ಭಾಮಿನಿ ಷಟ್ಪದಿಯಲ್ಲಿ ಬರೆದನು; 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿದನು; 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನು ಹೊರತಂದನು. ಹಳಗನ್ನಡ ಕಾವ್ಯದ ಪ್ರಯೋಗವೂ ಹಳ್ಳಿಯ ಗಾದೆಯೂ ಗಿಡಮೂಲಿಕೆಯ ಹೆಸರೂ ಒಂದೇ ಪುಟದಲ್ಲಿ ನೆರೆಯಾಗಿ ನಿಂತಿರುವ ಆ ಗ್ರಂಥವನ್ನು ಬಿಟ್ಟು ಕನ್ನಡದ ಯಾವ ಗಂಭೀರ ವಿದ್ಯಾರ್ಥಿಯೂ ಮುಂದೆ ಹೋಗಲಾರನು. ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಕಿಟ್ಟೆಲ್ಲನಿಗೆ ಡಾಕ್ಟರೇಟ್ ನೀಡಿ ಗೌರವಿಸಿತು. ಮೋಗ್ಲಿಂಗನಿಗೂ ಅಲ್ಲಿಂದಲೇ ಆ ಗೌರವ ಸಂದಿತ್ತು. ಕನ್ನಡವನ್ನು ಕಲಿತದ್ದಕ್ಕಾಗಿ ಜರ್ಮನಿಯ ವಿದ್ಯಾಪೀಠವೊಂದು ಪದವಿ ಕೊಟ್ಟಿತು ಎಂದರೆ, ಮಂಗಳೂರು ಧಾರವಾಡಗಳ ಪಂಡಿತರ ಜಗಲಿಯೂ ಒಂದು ವಿದ್ಯಾಪೀಠವೆಂದು ಅದು ಒಪ್ಪಿಕೊಂಡಂತೆ.

ಆದರೆ ಆ ಪಂಡಿತರಿಗೆ ಪದವಿ ಬರಲಿಲ್ಲ. ಓಲೆಗರಿ ಓದಿ ಹೇಳಿದವರು, ಶಬ್ದದ ಅರ್ಥಚ್ಛಾಯೆಗಳನ್ನು ವಿವರಿಸಿದವರು, ಕರಡು ತಿದ್ದಿದವರು, ಮೊಳೆ ಜೋಡಿಸಿದವರು ಮುನ್ನುಡಿಯ ಕೃತಜ್ಞತೆಯ ಸಾಲಿನಾಚೆಗೆ ಬಹುಮಟ್ಟಿಗೆ ಕಾಣಿಸುವುದಿಲ್ಲ. ಇದು ಈ ವಿನಿಮಯದ ದೊಡ್ಡ ಅನ್ಯಾಯ. ಮಿಶನರಿಗಳ ವಿದ್ವತ್ತನ್ನು ಎಷ್ಟು ಗೌರವಿಸಿದರೂ ಇದನ್ನು ಮುಚ್ಚಿಡುವಂತಿಲ್ಲ. ಬಂದವರ ಮೂಲ ಉದ್ದೇಶ ಧರ್ಮಪ್ರಸಾರವೇ ಆಗಿತ್ತು, ಶಾಲೆ ಮತ್ತು ಕಾರ್ಖಾನೆಗಳು ಅದಕ್ಕೆ ಅಧೀನವಾಗಿದ್ದವು ಎಂಬುದನ್ನೂ ಹೇಳಲೇಬೇಕು. ಕಾರ್ಖಾನೆಯ ದುಡಿಮೆ ಗಂಟೆಯ ಸದ್ದಿಗೂ ಪ್ರಾರ್ಥನೆಗೂ ಕಟ್ಟುಬಿದ್ದಿತ್ತು. ಕೂಲಿ ಕೊಡುವವರೂ ಮನೆಗೆ ಜಾಗ ಕೊಡುವವರೂ ಸಭೆಯ ಹಿರಿಯರೂ ಒಂದೇ ಆಗಿರುವಾಗ ದುಡಿಯುವವನಿಗೆ ಎದುರು ಮಾತಾಡುವ ಎಡೆ ಕಡಿಮೆ.

ಹೊರಗಿನ ಬಂಡವಾಳವನ್ನು ನೆಚ್ಚಿದ ಉದ್ದಿಮೆಯ ಅಪಾಯವೂ ಇಲ್ಲಿ ಸ್ಪಷ್ಟವಾಗಿ ಕಾಣಿಸಿತು. 1914ರಲ್ಲಿ ಯುರೋಪಿನಲ್ಲಿ ಯುದ್ಧ ಹತ್ತಿದಾಗ ಮಿಶನ್ನಿನಲ್ಲಿದ್ದ ಜರ್ಮನ್ನರು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದ ಪ್ರಜೆಗಳಾದರು. ಅವರನ್ನು ಬಂಧನದಲ್ಲಿಟ್ಟು ಅನಂತರ ದೇಶದಿಂದ ಕಳುಹಿಸಲಾಯಿತು. ಹೆಂಚಿನ ಮತ್ತು ನೇಯ್ಗೆಯ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು; ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಸೇರಿದವು. ಜೆಪ್ಪುವಿನ ಗೂಡಿನ ಮುಂದೆ ದುಡಿಯುತ್ತಿದ್ದವರಿಗೆ ಆ ಜಗಳದಲ್ಲಿ ಯಾವ ಪಾತ್ರವೂ ಇರಲಿಲ್ಲ, ಆದರೂ ಅವರ ಒಡೆಯರು ಬದಲಾದರು. ಈ ಅಲ್ಲೋಲಕಲ್ಲೋಲದಲ್ಲಿ ಗಟ್ಟಿಯಾಗಿ ಉಳಿದದ್ದು ಸ್ಥಳೀಯರ ಸ್ವಂತ ಬಂಡವಾಳದ ಹೆಂಚಿನ ಕಾರ್ಖಾನೆಗಳು ಎಂಬುದನ್ನು ಇಂದು ಹೊರದೇಶದ ಹೂಡಿಕೆಯನ್ನು ಎದುರುನೋಡುವ ಯಾವ ಪಟ್ಟಣವೂ ಗಮನಿಸತಕ್ಕದ್ದು.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಕಾಂಕ್ರೀಟಿನ ತಾರಸಿ ಹಬ್ಬಿತು, ಒಳ್ಳೆಯ ಜೇಡಿಮಣ್ಣೂ ಸೌದೆಯೂ ದುರ್ಲಭವಾದವು, ದುಡಿಯುವವರು ಬೇರೆ ಕೆಲಸಗಳಿಗೆ ಹೋದರು. ನದಿದಂಡೆಯ ಹೊಗೆಕೊಳವೆಗಳಲ್ಲಿ ಹೆಚ್ಚಿನವು ತಣ್ಣಗಾದವು. ಹಳೆಯ ಮನೆಗಳಿಂದ ಇಳಿಸಿದ ಹೆಂಚನ್ನು ಹೊಸ ಮನೆಗಳ ಅಂದಕ್ಕೆಂದು ಕೊಳ್ಳುವ ವ್ಯಾಪಾರ ಈಗ ನಡೆಯುತ್ತದೆ. ವಿದ್ಯೆಯ ಕಡೆಯ ಹರಿವು ಮಾತ್ರ ಎರಡೂ ದಿಕ್ಕಿನಲ್ಲಿ ಮುಂದುವರಿದಿದೆ: ಕರಾವಳಿಯ ವಿದ್ಯಾರ್ಥಿಗಳು ಎಂಜಿನಿಯರಿಂಗ್ ಮತ್ತು ವಿಜ್ಞಾನದ ಉನ್ನತ ವ್ಯಾಸಂಗಕ್ಕೆ ಜರ್ಮನಿಗೆ ಹೋಗುತ್ತಾರೆ, ವುರ್ಟ್ಸ್‌ಬುರ್ಗ್‌ನಲ್ಲಿ ಹೈಡ್ರೂನ್ ಬ್ರೂಕ್ನರ್ ತುಳುವಿನ ಪಾಡ್ದನ ಮತ್ತು ಭೂತಾರಾಧನೆಯ ಅಧ್ಯಯನವನ್ನೂ ಮ್ಯೂನಿಕ್‌ನಲ್ಲಿ ರಾಬರ್ಟ್ ಜೈಡೆನ್‌ಬೊಸ್ ಕನ್ನಡದ ಬೋಧನೆಯನ್ನೂ ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ನಡೆಸಿದರು.

ಆದರೆ ಒಂದು ಕೆಲಸ ಬಾಕಿ ಇದೆ. ಮಿಶನ್ನಿನ ಪತ್ರಗಳು, ವಾರ್ಷಿಕ ವರದಿಗಳು ಮತ್ತು ಸಾವಿರಾರು ಛಾಯಾಚಿತ್ರಗಳು ಬಾಸೆಲಿನ ದಾಖಲೆ ಭಂಡಾರದಲ್ಲಿ ಸುರಕ್ಷಿತವಾಗಿವೆ; ಇಲ್ಲಿಯ ಪುಸ್ತಕಗಳೂ ಕಾಗದಪತ್ರಗಳೂ ಮಂಗಳೂರಿನ ಬಲ್ಮಠದಲ್ಲಿವೆ. ಬಾಸೆಲಿನ ಪತ್ರಗಳಲ್ಲಿ ಹೆಚ್ಚಿನವು ಜರ್ಮನ್ ಭಾಷೆಯಲ್ಲಿ, ಅದೂ ಇಂದಿನ ಜರ್ಮನ್ನರೇ ಸರಾಗವಾಗಿ ಓದಲಾರದ ಹಳೆಯ ಕೈಬರಹದಲ್ಲಿವೆ. ಆ ಬರಹವನ್ನು ಓದಬಲ್ಲ ವಿದ್ವಾಂಸರಿಗೆ ತುಳು ಕನ್ನಡಗಳು ಬರುವುದು ಅಪರೂಪ, ತುಳು ಕನ್ನಡ ಬಲ್ಲವರಿಗೆ ಆ ಬರಹ ಓದಲು ಬರುವುದು ಇನ್ನೂ ಅಪರೂಪ. ಮೋಗ್ಲಿಂಗನಿಗೆ ಪಾಠ ಹೇಳಿದ ಪಂಡಿತರು ಯಾರು, ಜೆಪ್ಪುವಿನ ಗೂಡಿನಲ್ಲಿ ಉರಿಯ ಹದ ಬಲ್ಲವರಾಗಿದ್ದವರು ಯಾರು, ಅವರಿಗೆ ಸಿಗುತ್ತಿದ್ದ ಕೂಲಿ ಎಷ್ಟು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದದ್ದು ಆ ಪತ್ರಗಳಲ್ಲೇ. ಕರ್ನಾಟಕದ ವಿಶ್ವವಿದ್ಯಾನಿಲಯಗಳು ಇತಿಹಾಸ ಮತ್ತು ಕನ್ನಡ ವಿಭಾಗಗಳ ಕೆಲವು ಸಂಶೋಧಕರಿಗೆ ಜರ್ಮನ್ ಭಾಷೆಯನ್ನೂ ಆ ಕಾಲದ ಕೈಬರಹವನ್ನೂ ಕಲಿಸಿ ಬಾಸೆಲಿಗೆ ಕಳುಹಿಸುವ ಏರ್ಪಾಡು ಮಾಡಬೇಕು; ಅಲ್ಲಿಯ ಭಂಡಾರದ ಬಾಗಿಲು ಸಂಶೋಧಕರಿಗೆ ತೆರೆದೇ ಇದೆ.